ಉಕ್ಕಿನ ನೀರಿನ ಕೊಳವೆಯ ಬಟ್ ವೆಲ್ಡ್: ಬೆಸುಗೆಯ ಅಗಲ ಎಷ್ಟಿರಬೇಕು?

ಎರಡು ಕೊಳವೆಗಳ ಬಾಯಿಗಳನ್ನು ಒಂದರೊಳಗೊಂದು ತೂರಿಸದೆ, ಎದುರುಬದುರಾಗಿ ನಿಲ್ಲಿಸಿ ಕೂಡಿಸುವ ಬೆಸುಗೆಗೆ ಬಟ್ ವೆಲ್ಡ್ ಎಂದು ಹೆಸರು. ನೀರು ಸರಬರಾಜಿನ ಉಕ್ಕಿನ ಕೊಳವೆಗಳನ್ನು ಅನೇಕ ಕಡೆ ಹೀಗೆಯೇ ಕೂಡಿಸಲಾಗುತ್ತದೆ. ನಮ್ಮ ಕನ್ನಡ ಮಾಧ್ಯಮದ ಶಾಲೆಗಳಿಂದ ಹೊರಟ ಮಕ್ಕಳಲ್ಲಿ ಕೆಲವರು ಐಟಿಐಯ ವೆಲ್ಡರ್ ತರಬೇತಿಗೆ ಸೇರುತ್ತಾರೆ. ಅಲ್ಲಿ ಪಾಠವು ಮಲಯಾಳ, ತಮಿಳು, ಮರಾಠಿ, ತೆಲುಗು ಅಥವಾ ಇಂಗ್ಲಿಷಿನಲ್ಲಿ ನಡೆಯುವಾಗ, ತಮಗೆ ತಿಳಿದಿರುವ ಗಣಿತವೂ ಹೊಸತೆಂಬಂತೆ ತೋರಿ ಅವರು ಹಿಂಜರಿಯುವುದುಂಟು. ಆದುದರಿಂದ ಈ ವಿಷಯವನ್ನು ನಾವು ಕನ್ನಡದಲ್ಲಿಯೇ ವಿವರಿಸುತ್ತಿದ್ದೇವೆ.

ಅಗಲವನ್ನು ನಿರ್ಧರಿಸುವುದು ಯಾವುದು?

ಬೆಸುಗೆಯ ಅಗಲಕ್ಕೆ ಎಲ್ಲ ಕೊಳವೆಗಳಿಗೂ ಸಲ್ಲುವ ಒಂದೇ ಸಂಖ್ಯೆಯಿಲ್ಲ. ಬೆಸುಗೆಗೆ ಮುನ್ನ ಕೊಳವೆಯ ಅಂಚನ್ನು ಓರೆಯಾಗಿ ಕತ್ತರಿಸುತ್ತಾರೆ, ಇದು ಬೆವೆಲ್. ಒಂದೊಂದು ಅಂಚಿಗೆ ಸಾಮಾನ್ಯವಾಗಿ 30 ಡಿಗ್ರಿ ಓರೆ ಕೊಡುವುದರಿಂದ ಎರಡೂ ಸೇರಿ 60 ಡಿಗ್ರಿಯ 'ವಿ' ಆಕಾರದ ಕಣಿವೆ ಉಂಟಾಗುತ್ತದೆ. ಬುಡದಲ್ಲಿ ಸುಮಾರು 1.6 ಮಿ.ಮೀ. ಭಾಗವನ್ನು ಓರೆ ಮಾಡದೆ ನೇರವಾಗಿ ಉಳಿಸುತ್ತಾರೆ. ಇದು ರೂಟ್ ಫೇಸ್. ಎರಡು ಕೊಳವೆಗಳ ನಡುವೆ ಬಿಡುವ 2ರಿಂದ 3 ಮಿ.ಮೀ. ತೆರವು ರೂಟ್ ಗ್ಯಾಪ್. ಕೊಳವೆಯ ಗೋಡೆಯ ದಪ್ಪ ಹೆಚ್ಚಿದಂತೆ ಕಣಿವೆಯ ಬಾಯಿ ಅಗಲವಾಗುತ್ತದೆ, ಅದನ್ನು ತುಂಬುವ ಬೆಸುಗೆಯೂ ಅಗಲವಾಗುತ್ತದೆ.

ಮೇಲ್ಪದರದ ಬೆಸುಗೆಯು ಈ ಕಣಿವೆಯ ಬಾಯಿಯನ್ನು ಪೂರ್ತಿ ಮುಚ್ಚಿ, ಎರಡೂ ಬದಿಗೆ ಸ್ವಲ್ಪವೇ ಹೊರಚಾಚಿರಬೇಕು. ಅಮೆರಿಕದ ಎಪಿಐ 1104 ಎಂಬ ಕೊಳವೆಮಾರ್ಗದ ಮಾನಕವು ಬೆಸುಗೆಯ ಮುಖವು ಮೂಲ ಕಣಿವೆಗಿಂತ ಸುಮಾರು 3 ಮಿ.ಮೀ. ಹೆಚ್ಚು ಅಗಲವಿರಬೇಕೆನ್ನುತ್ತದೆ. ಅಂದರೆ ಪ್ರತಿ ಬದಿಗೆ ಸುಮಾರು 1.5 ಮಿ.ಮೀ. ಆ ಮಾನಕವು ತೈಲ ಮತ್ತು ಅನಿಲದ ಕೊಳವೆಗಳಿಗಾಗಿ ರಚಿತವಾದದ್ದು. ಆದರೂ ನೀರಿನ ಕೊಳವೆಯ ಬೆಸುಗೆಗೂ ಅದು ಒಳ್ಳೆಯ ಅಳತೆಗೋಲು.

ಹತ್ತನೆಯ ತರಗತಿಯ ಲೆಕ್ಕ

ಗೋಡೆಯ ದಪ್ಪ 6 ಮಿ.ಮೀ. ಎಂದುಕೊಳ್ಳೋಣ. ರೂಟ್ ಫೇಸ್ 1.6 ಕಳೆದರೆ ಓರೆಯ ಎತ್ತರ 4.4 ಮಿ.ಮೀ. ಟ್ಯಾನ್ 30 ಡಿಗ್ರಿಯ ಬೆಲೆ 0.577. ಆದ್ದರಿಂದ ಒಂದು ಬದಿಯ ಓರೆ ಆವರಿಸುವ ಅಗಲ 4.4 × 0.577, ಅಂದರೆ ಸುಮಾರು 2.5 ಮಿ.ಮೀ.; ಎರಡು ಬದಿಗೆ 5. ರೂಟ್ ಗ್ಯಾಪ್ 2.4 ಸೇರಿಸಿದರೆ ಕಣಿವೆಯ ಬಾಯಿ ಸುಮಾರು 7.5 ಮಿ.ಮೀ. ಹೊರಚಾಚು 3 ಸೇರಿಸಿದರೆ ಬೆಸುಗೆಯ ಅಗಲ ಸುಮಾರು 10.5 ಮಿ.ಮೀ. ಇದೇ ಕ್ರಮದಲ್ಲಿ 10 ಮಿ.ಮೀ. ದಪ್ಪದ ಗೋಡೆಗೆ ಸುಮಾರು 15 ಮಿ.ಮೀ. ಬರುತ್ತದೆ. 'ಈ ತ್ರಿಕೋನಮಿತಿ ಬದುಕಿನಲ್ಲಿ ಎಲ್ಲಿ ಬೇಕಾಗುತ್ತದೆ?' ಎಂದು ಕೇಳುವ ಮಕ್ಕಳಿಗೆ ಇದನ್ನು ತೋರಿಸಬಹುದು.

ಕಿರಿದಾದರೆ, ಅತಿಯಾದರೆ

ಬೆಸುಗೆ ಕಿರಿದಾದರೆ ಬೆವೆಲ್‌ನ ಅಂಚು ಕರಗದೆ ಉಳಿದು ಗೀರಿನಂತಾಗುತ್ತದೆ. ನೀರಿನ ಒತ್ತಡ ಏರಿಳಿಯುವಾಗ ಬಿರುಕು ಹುಟ್ಟಲು ಅಂತಹ ಗೀರು ಸಾಕು. ಹಾಗೆಂದು ಅಗಲವಾದ ಬೆಸುಗೆ ಗಟ್ಟಿಯೆಂದು ಭಾವಿಸುವುದು ತಪ್ಪು. ಹೆಚ್ಚು ಲೋಹ ಹಾಕಿದಷ್ಟೂ ಕೊಳವೆಗೆ ಹೆಚ್ಚು ಶಾಖ ತಗಲುತ್ತದೆ. ತಣಿಯುವಾಗ ಹೆಚ್ಚು ಕುಗ್ಗಿ ಕೊಳವೆ ಸೊಟ್ಟಗಾಗಬಹುದು. ಒಳಗಿನ ಲೇಪನ ಹೆಚ್ಚು ದೂರದವರೆಗೆ ಸುಡುತ್ತದೆ. ವೆಲ್ಡಿಂಗ್ ರಾಡನ್ನು ಅತ್ತಿತ್ತ ಆಡಿಸುವ ಅಗಲವು ರಾಡಿನ ವ್ಯಾಸದ ಮೂರು ಪಟ್ಟನ್ನು ಮೀರಬಾರದೆಂಬುದು ಕಸುಬಿನ ರೂಢಿ. 3.15 ಮಿ.ಮೀ. ರಾಡಿಗೆ ಇದು ಸುಮಾರು 9.5 ಮಿ.ಮೀ. ಅದಕ್ಕಿಂತ ಅಗಲ ಬೇಕಾದಲ್ಲಿ ಪಕ್ಕಪಕ್ಕದಲ್ಲಿ ಎರಡು ಸಾಲು ಎಳೆಯುವುದು ಲೇಸು.

ಅಳೆಯುವ ಕ್ರಮ

ಬೆಸುಗೆ ಮುಗಿದ ಮೇಲೆ ಮೂಲ ಅಂಚು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಕೆಲಸಕ್ಕೆ ಮುನ್ನವೇ ಎರಡೂ ಕೊಳವೆಗಳ ಮೇಲೆ ಬೆವೆಲ್ ಅಂಚಿನಿಂದ 50 ಮಿ.ಮೀ. ದೂರದಲ್ಲಿ ಸುತ್ತಲೂ ಗೆರೆ ಗುರುತಿಸಬೇಕು. ಬಳಿಕ ಸ್ಲ್ಯಾಗ್ ತೆಗೆದು, ವೈರ್ ಬ್ರಶ್ಶಿನಿಂದ ಉಜ್ಜಿ, ಗೆರೆಯಿಂದ ಬೆಸುಗೆಯ ಅಂಚಿನವರೆಗೆ ಅಳೆಯಬೇಕು. ಅದು ಸುಮಾರು 48.5 ಮಿ.ಮೀ. ಇದ್ದರೆ ಆ ಬದಿ ಸರಿ. 50 ಮೀರಿದರೆ ಅಂಚು ಮುಚ್ಚಿಲ್ಲವೆಂದರ್ಥ. ಮೇಲೆ, ಕೆಳಗೆ, ಎರಡು ಪಕ್ಕ, ಹೀಗೆ ಕನಿಷ್ಠ ನಾಲ್ಕು ಕಡೆ ಅಳೆಯಬೇಕು. ಕೈ ತಲುಪಲು ಕಷ್ಟವಾದ ಕೆಳಭಾಗದಲ್ಲಿಯೇ ದೋಷಗಳು ಹೆಚ್ಚಾಗಿ ಅಡಗಿರುತ್ತವೆ.

ಅಗಲವೊಂದೇ ಸಾಲದು

ಎಪಿಐ 1104ರ ಪ್ರಕಾರ ಬೆಸುಗೆಯ ಉಬ್ಬು ಕೊಳವೆಯ ಮೈಗಿಂತ ಸುಮಾರು 1.6 ಮಿ.ಮೀ. ಮೀರಬಾರದು. ಬೆಸುಗೆಯ ಅಂಚಿನಲ್ಲಿ ಕೊಳವೆಯ ಮೈ ಕೊರೆದು ಹೋಗುವ ದೋಷಕ್ಕೆ ಅಂಡರ್‌ಕಟ್ ಎಂದು ಹೆಸರು. ಅದರ ಆಳ 0.8 ಮಿ.ಮೀ. ಅಥವಾ ಗೋಡೆಯ ದಪ್ಪದ ಶೇ. 12.5, ಇವುಗಳಲ್ಲಿ ಕಡಿಮೆಯಾದುದನ್ನು ಮೀರಿದರೆ ಬೆಸುಗೆ ತಿರಸ್ಕೃತ. ಬುಡದವರೆಗೆ ಲೋಹ ಕರಗಿದೆಯೇ ಎಂಬುದನ್ನು ಹೊರಗಿನ ಅಗಲ ಹೇಳಲಾರದು. ಅದಕ್ಕೆ ಎಕ್ಸ್-ರೇಯಂತಹ ಪರೀಕ್ಷೆ ಬೇಕು. ಸೋರಿಕೆಯನ್ನು ತಿಳಿಯಲು ನೀರು ತುಂಬಿ ಒತ್ತಡ ಕೊಟ್ಟು ನೋಡುತ್ತಾರೆ. ಭಾರತದಲ್ಲಿ ನೀರಿನ ಉಕ್ಕಿನ ಕೊಳವೆಗಳಿಗೆ ಐಎಸ್ 3589, ಅವುಗಳನ್ನು ಹಾಕುವ ಕ್ರಮಕ್ಕೆ ಐಎಸ್ 5822 ಮಾನಕಗಳಿವೆ. ಕಾಮಗಾರಿಯ ಕರಾರಿನಲ್ಲಿ ಹೆಸರಿಸಿದ ಮಾನಕವೇ ಅಂತಿಮ ಪ್ರಮಾಣ.

ಪಾಲಕರಲ್ಲಿ ನಮ್ಮ ವಿನಂತಿ ಇಷ್ಟು. ಬೆವೆಲ್, ರೂಟ್ ಗ್ಯಾಪ್, ಅಂಡರ್‌ಕಟ್ ಎಂಬ ಪದಗಳು ಯಾವ ಭಾಷೆಯ ತರಗತಿಯಲ್ಲಿಯೂ ಬಹುಮಟ್ಟಿಗೆ ಹೀಗೆಯೇ ಕೇಳಿಬರುತ್ತವೆ. ಅವುಗಳ ಅರ್ಥವನ್ನು ಕನ್ನಡದಲ್ಲಿ ತಿಳಿದು ಹೋದ ಮಗು ಅಲ್ಲಿ ಹಿಂದೆ ಬೀಳಬೇಕಾಗಿಲ್ಲ. ಕನ್ನಡದಲ್ಲಿ ಕಲಿತ ಲೆಕ್ಕ ಕಬ್ಬಿಣದ ಮೇಲೂ ಅಷ್ಟೇ ಸರಿಯಾಗಿ ನಿಲ್ಲುತ್ತದೆ.