ಸಂಕಟಕ್ಕೆ ಮರಾಠಿಯಲ್ಲಿ ಏನಂತಾರ?

“ಹೊಟ್ಟ್ಯಾಗ ಸಂಕಟ ಆಗತೈತ್ರಿ” ಎಂದು ಗಡಹಿಂಗ್ಲಜ ಸೀಮೆಯ ಕನ್ನಡದ ಮುದುಕಿಯೊಬ್ಬಳು ದವಾಖಾನೆಯಲ್ಲಿ ಹೇಳಿದರೆ ಮರಾಠಿ ಡಾಕ್ಟರಿಗೆ ಅದು ಗೊತ್ತಿರುವ ಶಬ್ದವೇ. ತೊಡಕು ಇರುವುದೇ ಅಲ್ಲಿ. ಮರಾಠಿಯಲ್ಲಿ ಸಂಕಟವೆಂದರೆ ಆಪತ್ತು. ನೆರೆ ಬಂದರೆ ಸಂಕಟ, ಬರ ಬಿದ್ದರೆ ಸಂಕಟ. ನಮ್ಮ ಕಡೆ ಅದು ಓಕರಿಕೆ, ಎದೆಯುರಿ, ಕರುಳು ಕಿವುಚಿದಂತಾಗುವುದು, ಜೊತೆಗೆ ಮಗ ಬೇರೆ ಮನೆ ಮಾಡಿದ ದುಃಖ. ಪಕ್ಕದಲ್ಲಿ ನಿಂತ ಸಿಸ್ಟರ್ ಅದನ್ನು ‘ಮಳಮಳ’ ಎಂದು ಮರಾಠಿಗೆ ತಿರುಗಿಸುತ್ತಾಳೆ. ಕೇಸ್ ಪೇಪರಿನ ಮೇಲೆ ‘ನಾಸಿಯಾ’ ಎಂಬ ಇಂಗ್ಲಿಷ್ ಪದ ಬೀಳುತ್ತದೆ. ಮೂರು ಭಾಷೆ ದಾಟುವಷ್ಟರಲ್ಲಿ ಮಗ, ಅವನ ಬೇರೆ ಮನೆ ಎರಡೂ ದಾರಿಯಲ್ಲಿ ಉಳಿದುಬಿಟ್ಟಿರುತ್ತವೆ. ಕೊಟ್ಟ ಗುಳಿಗೆಯಲ್ಲಿ ತಪ್ಪಿಲ್ಲ, ವಾಂತಿ ನಿಲ್ಲುತ್ತದೆ. ಮುದುಕಿ ಎಂಟು ದಿನಕ್ಕೆ ಮತ್ತೆ ಬರುತ್ತಾಳೆ.

ಹೀಗೆ ದಾರಿಯಲ್ಲಿ ಉಳಿದದ್ದನ್ನು ಹೆಕ್ಕಿ ನೋಡುವ ಅಧ್ಯಯನಕ್ಕೆ ವಿಶ್ವವಿದ್ಯಾಲಯಗಳು ‘ಮೆಡಿಕಲ್ ಹ್ಯುಮ್ಯಾನಿಟೀಸ್’ ಎಂದು ಹೆಸರಿಟ್ಟಿವೆ. ಸಾಹಿತ್ಯ, ಇತಿಹಾಸ, ಮಾನವಶಾಸ್ತ್ರ, ತತ್ವಶಾಸ್ತ್ರ, ರಂಗಭೂಮಿ ಇವೆಲ್ಲ ವೈದ್ಯಕೀಯದ ಜೊತೆ ಒಂದೇ ಪಡಸಾಲೆಯಲ್ಲಿ ಕೂರುವ ವಿಷಯ ಇದು. ‘ವೈದ್ಯಕೀಯ ಮಾನವಿಕ’ ಎಂಬ ಕನ್ನಡ ಹೆಸರು ನನಗೆ ಅಷ್ಟು ಹಿಡಿಸಿಲ್ಲ. ಬಾಯಿಗೆ ಬರುವಾಗಲೇ ಔಷಧದ ವಾಸನೆ ಹೊಡೆಯುತ್ತದೆ. ಇರಲಿ.

ಹೊರಗಿನ ಕಥೆ ಬೇಗ ಹೇಳಿ ಮುಗಿಸಬಹುದು. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯವು ಹರ್ಷಿಯಲ್ಲಿ ತೆರೆದ ವೈದ್ಯಕೀಯ ಕಾಲೇಜು 1967ರಲ್ಲೇ ತನ್ನದೊಂದು ಮಾನವಿಕ ವಿಭಾಗವನ್ನು ಇಟ್ಟುಕೊಂಡಿತು. 1982ರಲ್ಲಿ ಸಾಹಿತ್ಯ ಮತ್ತು ವೈದ್ಯಕೀಯಕ್ಕೇ ಮೀಸಲಾದ ‘ಲಿಟರೇಚರ್ ಅಂಡ್ ಮೆಡಿಸಿನ್’ ಪತ್ರಿಕೆ ಹೊರಟಿತು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ರೀಟಾ ಶರಾನ್ ಎಂಬ ವೈದ್ಯೆ ರೋಗಿಯ ಕಥೆಯನ್ನು ಕಾದಂಬರಿ ಓದುವಷ್ಟೇ ಎಚ್ಚರದಿಂದ ಓದಲು ಕಲಿಸಿದರು. ಅದಕ್ಕೆ ‘ನರೇಟಿವ್ ಮೆಡಿಸಿನ್’ ಎಂದು ಹೆಸರಾಯಿತು. ಮನೋವೈದ್ಯ ಆರ್ಥರ್ ಕ್ಲೈನ್‌ಮನ್ ತಮ್ಮ 1988ರ ಪುಸ್ತಕದಲ್ಲಿ ಎರಡು ಇಂಗ್ಲಿಷ್ ಪದಗಳನ್ನು ಬೇರ್ಪಡಿಸಿದರು: ಡಾಕ್ಟರು ಗುರುತಿಸುವ ‘ಡಿಸೀಸ್’, ರೋಗಿ ಅನುಭವಿಸುವ ‘ಇಲ್‌ನೆಸ್’. ಇದನ್ನು ಮೊದಲ ಸಲ ಓದಿದಾಗ ನನಗೆ ನಗು ಬಂತು. ನಮ್ಮ ಹಳ್ಳಿಯವರಿಗೆ ಆ ಎರಡೂ ಗೊತ್ತು. ಡಾಕ್ಟರ ಬಾಯಲ್ಲಿ ಬರುವುದು ರೋಗ, ನಮ್ಮ ಮೈಯಲ್ಲಿ ಇರುವುದು ಬ್ಯಾನಿ. ಹೆರಿಗೆ ನೋವಿಗೂ ಬ್ಯಾನಿ ಎನ್ನುತ್ತೇವೆ. ಅದನ್ನು ಯಾರೂ ರೋಗ ಎನ್ನುವುದಿಲ್ಲ.

ಈ ಅಧ್ಯಯನದ ಬೇರುಗಳನ್ನು ಕೊಲ್ಹಾಪುರದ ಸುತ್ತಮುತ್ತ ಹುಡುಕಿದರೆ ಮೊದಲು ಸಿಗುವುದು ಒಂದು ಪಟಾಕಿ. ಇಂದಿನ ಶಿರೋಳ ತಾಲೂಕಿನ ಕುರುಂದವಾಡದಲ್ಲಿ 1872ರಲ್ಲಿ ಹುಟ್ಟಿದ ವಿಷ್ಣು ದಿಗಂಬರ ಪಲುಸ್ಕರರ ಕಣ್ಣಿಗೆ ಹುಡುಗತನದಲ್ಲಿ ಪಟಾಕಿ ಸಿಡಿದು ದೃಷ್ಟಿ ಕೆಟ್ಟಿತು. ಚಿಕಿತ್ಸೆಗೆಂದು ಮಿರಜಿಗೆ ಕಳಿಸಿದರು. ಕಣ್ಣು ಪೂರ್ತಿ ಮರಳಲಿಲ್ಲ. ಓದು ಕಷ್ಟ, ಕಂಠ ಚೆನ್ನಾಗಿದೆ, ಸಂಗೀತ ಕಲಿಸಿ ಎಂದು ಸಲಹೆ ಕೊಟ್ಟವರು ವೈದ್ಯರೇ ಎಂದು ಅವರ ಚರಿತ್ರಕಾರರು ಬರೆದಿದ್ದಾರೆ. ಹುಡುಗ ಬಾಲಕೃಷ್ಣಬುವಾ ಇಚಲಕರಂಜೀಕರರ ಶಿಷ್ಯನಾದ, ಮುಂದೆ 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದ. ಜಾನಕಿ ಬಖಲೆ 2005ರಲ್ಲಿ ಪಲುಸ್ಕರ್ ಮತ್ತು ಭಾತಖಂಡೆ ಅವರ ಮೇಲೆ ಬರೆದ ಪುಸ್ತಕ ಸಂಗೀತದ ಇತಿಹಾಸವೆಂದೇ ಓದಲ್ಪಟ್ಟಿದೆ. ಅದನ್ನು ಅಂಗವೈಕಲ್ಯದ ಇತಿಹಾಸವಾಗಿಯೂ ಓದಬಹುದಿತ್ತು. ಗುಣಪಡಿಸಲಾಗದ ರೋಗಿಗೆ ವೈದ್ಯನೊಬ್ಬ ಕೊಟ್ಟ ಸಲಹೆ ದೇಶದ ಸಂಗೀತ ಶಿಕ್ಷಣದ ದಾರಿಯನ್ನೇ ಬದಲಿಸಿತು ಎಂಬುದು ಸಣ್ಣ ಮಾತಲ್ಲ.

ಅದೇ ಮಿರಜಿನಲ್ಲಿ ಕೆನಡಾ ಮೂಲದ ಮಿಷನರಿ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಆಸ್ಪತ್ರೆ ಕಟ್ಟಿದರು. ಬೆಳಗಾವಿ, ವಿಜಯಪುರದ ಕಡೆಯ ರೋಗಿಗಳೂ ಚಕ್ಕಡಿಯಲ್ಲಿ, ಆಮೇಲೆ ರೈಲಿನಲ್ಲಿ ಅಲ್ಲಿಗೆ ಬಂದರು. “ಮಿರಜಕ್ಕ ಒಯ್ಯಿರಿ” ಎಂದರೆ ಕೈ ಮೀರಿದೆ ಎಂದೂ ಅರ್ಥ, ಇನ್ನೂ ಆಸೆ ಇದೆ ಎಂದೂ ಅರ್ಥವಾಗಿತ್ತು. ವಾನ್ಲೆಸ್ ತಮ್ಮ ಅನುಭವ ಬರೆದಿಟ್ಟಿದ್ದಾರೆ. ಅವರ ರೋಗಿಗಳು ಬರೆದಿಡಲಿಲ್ಲ.

ಕೊಲ್ಹಾಪುರದ ಪ್ಲೇಗಿನ ಇತಿಹಾಸಕ್ಕೂ ಇದೇ ಕೊರತೆ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಒಂದೆರಡು ವರ್ಷಗಳಲ್ಲಿ ಈ ಸೀಮೆಯನ್ನೂ ಬೆಳಗಾವಿ, ಹುಬ್ಬಳ್ಳಿಯನ್ನೂ ಹಿಡಿಯಿತು. ಶಾಹು ಮಹಾರಾಜರು ಪಟ್ಟಕ್ಕೆ ಬಂದು ಆಗಿನ್ನೂ ಕೆಲವೇ ವರ್ಷವಾಗಿತ್ತು. ಜನರನ್ನು ಊರ ಹೊರಗಿನ ಬಯಲಿಗೆ, ಗುಡಿಸಲುಗಳಿಗೆ ಕಳಿಸಲಾಯಿತು. ವಸಾಹತು ಸರಕಾರಕ್ಕೆ ಪ್ರಜೆಯ ಮೈಯೇ ಹೇಗೆ ಆಡಳಿತದ ನೆಲವಾಯಿತು ಎಂಬುದನ್ನು ಡೇವಿಡ್ ಅರ್ನಾಲ್ಡ್ 1993ರ ‘ಕಾಲನೈಸಿಂಗ್ ದ ಬಾಡಿ’ಯಲ್ಲಿ ತೋರಿಸಿದರು, ಸಿಡುಬು, ಕಾಲರಾ, ಪ್ಲೇಗು ಆ ಪುಸ್ತಕದ ಮೂರು ಕಂಬಗಳು. ಆದರೆ ಅರ್ನಾಲ್ಡರ ನೋಟ ಇರುವುದು ಬ್ರಿಟಿಷ್ ಆಡಳಿತದ ಮೇಲೆ. ಕೊಲ್ಹಾಪುರ ಸಂಸ್ಥಾನದಲ್ಲಿ ಆಜ್ಞೆ ಕೊಟ್ಟವನು ಗೋರಾ ಸಾಹೇಬನಲ್ಲ, ತಮ್ಮದೇ ಮಹಾರಾಜ. ಅಲ್ಲಿ ಪ್ರತಿಭಟನೆಯ ಬಣ್ಣವೇ ಬೇರೆ ಇರಬೇಕು. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿದ್ದ ವಿಲಾಸ ಸಂಗವೆಯವರು ತಮ್ಮ ಸಹೋದ್ಯೋಗಿಗಳೊಡನೆ ಸಂಪಾದಿಸಿದ ಶಾಹು ಛತ್ರಪತಿಗಳ ಕಾಗದಪತ್ರಗಳಲ್ಲಿ 1894ರಿಂದಾಚೆಗಿನ ಸಂಪುಟಗಳು ಪ್ಲೇಗಿನ ವರ್ಷಗಳವೇ. ಜಾತಿ, ಮೀಸಲಾತಿಯ ಚರ್ಚೆಗಾಗಿ ಆ ಸಂಪುಟಗಳನ್ನು ಮತ್ತೆಮತ್ತೆ ತಿರುವಿದ್ದೇವೆ. ಜ್ವರಕ್ಕಾಗಿ ತಿರುವಿದವರು ಕಡಿಮೆ.

ಕನ್ನಡದಲ್ಲಿ ಆ ಕೆಲಸ ಮಾಡಿದವರು ಕಾದಂಬರಿಕಾರರು. 1965ರ ‘ಸಂಸ್ಕಾರ’ದಲ್ಲಿ ಅಗ್ರಹಾರದ ಮಂದಿ ಶವಸಂಸ್ಕಾರದ ಧರ್ಮಸೂಕ್ಷ್ಮ ಚರ್ಚಿಸುತ್ತಿರುವಾಗ ಇಲಿಗಳು ಬಿದ್ದು ಸಾಯುತ್ತಿರುತ್ತವೆ. ಓದುಗನಿಗೆ ರೋಗ ಗೊತ್ತಾಗಿಬಿಟ್ಟಿದೆ, ಪಾತ್ರಗಳಿಗೆ ಗೊತ್ತಿಲ್ಲ. ‘ಗೃಹಭಂಗ’ದಲ್ಲಿ ಪ್ಲೇಗು ನಂಜಮ್ಮನ ಮನೆಯನ್ನು ಬರಿದು ಮಾಡುವುದನ್ನು ಓದಿದವರಿಗೆ ಅಂಕಿಅಂಶ ಬೇಕಾಗುವುದಿಲ್ಲ. ನಮ್ಮ ವೈದ್ಯ ಲೇಖಕರ ಸಾಲೂ ಸಣ್ಣದಲ್ಲ. ‘ಕೊರವಂಜಿ’ ನಡೆಸಿದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಮನೋವೈದ್ಯಕೀಯದ ಪುಸ್ತಕವೊಂದಕ್ಕೆ ಸಾಹಿತ್ಯದ ಪ್ರಶಸ್ತಿ. ಅನುಪಮಾ ನಿರಂಜನ ಒಂದು ಕೈಯಲ್ಲಿ ಕಾದಂಬರಿ, ಇನ್ನೊಂದು ಕೈಯಲ್ಲಿ ‘ತಾಯಿ-ಮಗು’ ಬರೆದರು. ಇನ್ನೂ ಹಿಂದೆ ಹೋದರೆ ಹದಿನಾಲ್ಕನೆಯ ಶತಮಾನದ ಮಂಗರಾಜ ವಿಷವೈದ್ಯವನ್ನು ‘ಖಗೇಂದ್ರ ಮಣಿದರ್ಪಣ’ವೆಂಬ ಕಾವ್ಯವಾಗಿಯೇ ಬರೆದಿದ್ದ. ವೈದ್ಯ ಬೇರೆ, ಕಾವ್ಯ ಬೇರೆ ಎಂಬ ಗೋಡೆ ಎದ್ದದ್ದು ಆಮೇಲೆ.

ಕನ್ನಡದ ನೆಲದಲ್ಲಿ ಈ ಬಗೆಯ ಶಾಸ್ತ್ರೀಯ ಸಂಶೋಧನೆಗೆ ಕರಾವಳಿಯತ್ತ ನೋಡಬೇಕು. ಜಿ. ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ಇಬ್ಬರು ಮನೋವೈದ್ಯರು ಶಿವರಾಮ ಕಾರಂತರ ಹುಟ್ಟೂರಾದ ಕೋಟದಲ್ಲಿ ಬೀಡುಬಿಟ್ಟು ಬ್ರಾಹ್ಮಣರು, ಬಂಟರು, ಮೊಗೇರರ ಮನೆಮನೆಗೆ ಹೋಗಿ ಮನಸ್ಸಿನ ಕಾಯಿಲೆಗಳ ಸಮೀಕ್ಷೆ ಮಾಡಿದರು. 1976ರಲ್ಲಿ ‘ದ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಹೊರಬಂತು. ಅಳಿಯಸಂತಾನದ ಪದ್ಧತಿ ಸಡಿಲವಾಗುತ್ತಿದ್ದ ಕಾಲ ಅದು. ಸಂಪ್ರದಾಯ ಬದಲಾಗುವಾಗ ಮನಸ್ಸಿಗೆ ಏನಾಗುತ್ತದೆ ಎಂಬುದು ಅವರ ಪ್ರಶ್ನೆ. ಕಪೂರರು ಅಲ್ಲಿಗೇ ನಿಲ್ಲಲಿಲ್ಲ. ನಾಟಿ ವೈದ್ಯರು, ಮಂತ್ರವಾದಿಗಳು, ಮೈಮೇಲೆ ದೈವ ಬರುವ ಪಾತ್ರಿಗಳು ಇವರ ಬಳಿ ಜನ ಏಕೆ ಹೋಗುತ್ತಾರೆಂದೂ ವಿಚಾರಿಸಿದರು. ಗೇಲಿ ಮಾಡದೆ, ಮೈಮರೆಯದೆ ವಿಚಾರಿಸಿದರು. ಆ ಎರಡನೆಯದು ಹೆಚ್ಚು ಕಷ್ಟ.

1981ರಲ್ಲಿ ಮಾರ್ಕ್ ನಿಕ್ಟರ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು ದಕ್ಷಿಣ ಕನ್ನಡದ ಹವ್ಯಕ ಹೆಂಗಸರ ಮಧ್ಯೆ ಮಾಡಿದ ಕೆಲಸದಿಂದ ಒಂದು ಲೇಖನ ಬರೆದರು. ಅದರ ಹೆಸರಿನಲ್ಲಿದ್ದ ‘ಇಡಿಯಮ್ಸ್ ಆಫ್ ಡಿಸ್ಟ್ರೆಸ್’ ಎಂಬ ಮಾತು ಈಗ ಜಗತ್ತಿನ ಮನೋವೈದ್ಯಕೀಯದ ಸಾಮಾನ್ಯ ನಾಣ್ಯ. ದುಃಖವನ್ನು ನೇರವಾಗಿ ಹೇಳಲು ಅವಕಾಶವಿಲ್ಲದ ಹೆಣ್ಣು ಅದನ್ನು ಮಡಿಯ ಅತಿರೇಕದಲ್ಲಿ, ಊಟ ಬಿಡುವುದರಲ್ಲಿ, ಮೈ ಸೊರಗುವುದರಲ್ಲಿ, ಮತ್ತೆಮತ್ತೆ ಔಷಧ ಕೇಳುವುದರಲ್ಲಿ ಹೇಳುತ್ತಾಳೆ ಎಂಬುದು ಅದರ ಹುರುಳು. ನಮ್ಮ ಮುದುಕಿ ಎಂಟು ದಿನಕ್ಕೆ ಮತ್ತೆ ಬಂದದ್ದು ಏಕೆ ಎಂಬುದಕ್ಕೆ ಅಲ್ಲಿ ಒಂದು ಉತ್ತರವಿದೆ. ಕನ್ನಡದ ಮನೆಗಳಲ್ಲಿ ಹುಟ್ಟಿದ ಈ ವಿಚಾರವನ್ನು ಕನ್ನಡ ಬಲ್ಲ ವೈದ್ಯ ವಿದ್ಯಾರ್ಥಿ ಇಂದಿಗೂ ಇಂಗ್ಲಿಷ್ ಪಠ್ಯದಿಂದಲೇ ಕಲಿಯಬೇಕು, ಅದೂ ಕಲಿತರೆ.

ಗಡಿ ದಾಟಿ ಮಹಾರಾಷ್ಟ್ರದ ಈ ಕಡೆಗೆ ಬಂದರೆ ವಿಷಯ ದಟ್ಟವಾಗುವುದು ಎಲ್ಲಮ್ಮನ ಜಡೆಯ ಸುತ್ತ. ಹುಣ್ಣಿಮೆಗೆ ಕೊಲ್ಹಾಪುರದಿಂದ ಸವದತ್ತಿಗೆ ಸಾಲುಸಾಲು ಬಸ್ಸು ಹೊರಡುತ್ತವೆ. ಗುಡ್ಡದ ಮೇಲೆ ಮರಾಠಿ, ಕನ್ನಡ ಎರಡೂ ಭಂಡಾರದಲ್ಲಿ ಮುಳುಗುತ್ತವೆ. ಕೂದಲು ಗಂಟುಗಟ್ಟಿ ಜಡೆಯಾದರೆ ಅದು ಅವ್ವ ಮೈಮೇಲೆ ಬಂದ ಗುರುತು, ಹುಡುಗಿಯನ್ನು ದೇವಿಗೆ ಬಿಡಬೇಕೆಂಬ ಕರೆ. ಚರ್ಮರೋಗದ ವೈದ್ಯರಿಗೆ ಅದು ತೊಳೆಯದೆ, ಬಾಚದೆ ಹೆಣೆದುಕೊಂಡ ಕೂದಲು. ಸುಧಾರಕರಿಗೆ ಅದು ಶೋಷಣೆಯ ಹಗ್ಗ. ಗಡಹಿಂಗ್ಲಜಕ್ಕೆ ಈ ಸುಧಾರಣೆಯ ಇತಿಹಾಸದಲ್ಲಿ ಗಟ್ಟಿ ಜಾಗವಿದೆ: ಬಾಬಾ ಆಢಾವರ ಮಹಾತ್ಮ ಫುಲೆ ಸಮತಾ ಪ್ರತಿಷ್ಠಾನದ ಮುಂದಾಳತ್ವದಲ್ಲಿ 1975ರಲ್ಲಿ ದೇವದಾಸಿಯರ ಪರಿಷತ್ತು ನಡೆದದ್ದು ಇಲ್ಲಿ. ಕರ್ನಾಟಕದ ನಿಷೇಧ ಕಾಯ್ದೆ 1982ರದು, ಅಂದರೆ ಪರಿಷತ್ತಿನ ಏಳು ವರ್ಷ ಅನಂತರದ್ದು. ಮಿರಜಿನಲ್ಲಿ ವೈದ್ಯಕೀಯ ಓದಿದ ನರೇಂದ್ರ ದಾಭೋಳ್ಕರ್ 1989ರಲ್ಲಿ ಕಟ್ಟಿದ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಕಾರ್ಯಕರ್ತರು ಜಡೆ ಬಿಡಿಸುವುದನ್ನು ಚಳವಳಿಯ ಭಾಗವನ್ನಾಗಿಯೇ ಮಾಡಿಕೊಂಡರು.

ಇಲ್ಲಿ ಎರಡು ಸಂಶೋಧನೆಗಳನ್ನು ಎದುರುಬದುರು ಇಟ್ಟು ಓದಬೇಕು. ಗಣನಾಥ ಒಬೆಯಶೇಖರ 1981ರ ‘ಮೆಡುಸಾಸ್ ಹೇರ್’ನಲ್ಲಿ ಶ್ರೀಲಂಕಾದ ಜಡೆಧಾರಿ ಭಕ್ತೆಯರ ಜೀವನಕಥೆಗಳನ್ನು ಮನೋವಿಶ್ಲೇಷಣೆಯ ಕಣ್ಣಿನಿಂದ ನೋಡಿದರು, ಗಂಟು ಕಟ್ಟಿದ್ದು ಕೂದಲಷ್ಟೇ ಅಲ್ಲ, ಬದುಕಿನ ನೋವೂ ಹೌದು ಎಂದರು. ಲೂಸಿಂಡಾ ರಾಂಬರ್ಗ್ ಉತ್ತರ ಕರ್ನಾಟಕದ ಜೋಗತಿಯರ ಜೊತೆ ಇದ್ದು, 2009ರಲ್ಲಿ ಜಡೆಯ ಬಗ್ಗೆಯೇ ಒಂದು ಲೇಖನವನ್ನೂ 2014ರಲ್ಲಿ ‘ಗಿವನ್ ಟು ದ ಗಾಡೆಸ್’ ಎಂಬ ಪುಸ್ತಕವನ್ನೂ ಬರೆದರು. ಜಡೆ ಕತ್ತರಿಸಿ ಶಾಂಪೂ ಹಚ್ಚುವ ಸುಧಾರಣೆ ದೇವಿಯನ್ನು ಕೊಳೆಯಾಗಿ ಮಾರ್ಪಡಿಸುತ್ತದೆ ಎಂಬುದು ಅವರ ವಾದದ ತಿರುಳು. ವಾದ ಚುರುಕಾಗಿದೆ, ಒಪ್ಪುವುದು ಸುಲಭವಲ್ಲ. ಕತ್ತರಿ ಹಿಡಿದವರಲ್ಲಿ ಎಷ್ಟೋ ಮಂದಿ ಇದೇ ಊರಿನವರು; ದೇವಿಗೆ ಬಿಟ್ಟ ಹುಡುಗಿಯರು ಮುಂದೆ ಯಾವ ಓಣಿ ಸೇರಿದರು ಎಂಬುದನ್ನು ಕಣ್ಣಾರೆ ಕಂಡವರು. ಆದರೂ ರಾಂಬರ್ಗರ ಒಂದು ಪ್ರಶ್ನೆ ನನ್ನನ್ನು ಬಿಡುವುದಿಲ್ಲ: ಜಡೆ ಹೋದ ಮೇಲೆ ಆ ಹೆಣ್ಣಿಗೆ ಊರಲ್ಲಿ ಇದ್ದ ಮಾತಿನ ತೂಕ ಎಲ್ಲಿ ಹೋಯಿತು?

ಆ ಓಣಿಗಳಿಗೆ ಎಚ್‌ಐವಿ ಬಂದಾಗ ಮಾತಿನ ತೂಕವನ್ನು ಹೆಂಗಸರೇ ಮತ್ತೆ ಸಂಪಾದಿಸಿದರು. ಸಾಂಗ್ಲಿಯಲ್ಲಿ 1992ರಲ್ಲಿ ಸಂಗ್ರಾಮ್ ಸಂಸ್ಥೆ, ಅದರಿಂದ 1996ರಲ್ಲಿ ಲೈಂಗಿಕ ವೃತ್ತಿಯ ಹೆಂಗಸರದೇ ಸಂಘಟನೆಯಾದ ‘ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್’ ಹುಟ್ಟಿತು. ಸದಸ್ಯೆಯರಲ್ಲಿ ಕನ್ನಡ ಮನೆಮಾತಿನವರು ಬಹಳ. ರಂಗಕರ್ಮಿ ಸುಷಮಾ ದೇಶಪಾಂಡೆಯವರ ಜೊತೆ ಸೇರಿ ತಮ್ಮ ಬದುಕನ್ನೇ ನಾಟಕ ಮಾಡಿ ತಾವೇ ಆಡಿದರು. ವೈದ್ಯಕೀಯ ಕಾಲೇಜುಗಳು ರಂಗಭೂಮಿಯನ್ನು ಪಠ್ಯಕ್ಕೆ ತರುವ ಮಾತಾಡುವಾಗ ಈ ನಾಟಕವನ್ನು ನೆನೆಯುವುದಿಲ್ಲ ಎಂಬುದು ನನ್ನ ತಕರಾರು.

ಇಚಲಕರಂಜಿಯ ಕಥೆ ಗದ್ದಲದ್ದು. ಪವರ್‌ಲೂಮಿನ ಶೆಡ್ಡಿನೊಳಗೆ ಮಾತು ಕೇಳಿಸುವುದಿಲ್ಲ. ಕಿವಿ ಮಂದವಾದದ್ದನ್ನು ಕಾಯಿಲೆ ಎಂದು ದವಾಖಾನೆಗೆ ಒಯ್ಯುವವರೂ ಕಡಿಮೆ. 2012ರಲ್ಲಿ ಈ ಊರಿಗೆ ಹೆಪಟೈಟಿಸ್-ಇ ಬಂತು, ಕುಡಿಯುವ ನೀರಿನ ಜೊತೆ. ಡಾಕ್ಟರರ ಬಾಯಲ್ಲಿ ಹೆಪಟೈಟಿಸ್, ಮರಾಠಿಯಲ್ಲಿ ಕಾವೀಳ, ನಮ್ಮವರಲ್ಲಿ ಕಾಮಣಿ. ಕಾಮಣಿಗೆ ಹಳ್ಳಿ ಔಷಧವೇ ಸೈ ಎಂಬ ನಂಬಿಕೆ ಹಳೆಯದು. ಗರ್ಭಿಣಿಯರಿಗೆ ಕೊನೆಯ ತಿಂಗಳುಗಳಲ್ಲಿ ಈ ರೋಗ ಪ್ರಾಣಕ್ಕೇ ಕುತ್ತು ತರುತ್ತದೆ ಎಂಬ ಎಚ್ಚರ ಆ ನಂಬಿಕೆಯಲ್ಲಿ ಇಲ್ಲ. ವೈರಸ್ಸಿನ ಅಧ್ಯಯನಕ್ಕೆ ಪ್ರಯೋಗಾಲಯ ಸಾಕು. ಪಂಚಗಂಗಾ ನದಿಯನ್ನು ತಾಯಿ ಎನ್ನುತ್ತಲೇ ಅವಳಿಗೆ ಚರಂಡಿ ಬಿಟ್ಟ ಊರುಗಳ ಅಧ್ಯಯನಕ್ಕೆ ಬೇರೆಯ ವಿದ್ಯೆ ಬೇಕು. ಅಂಥ ಬರವಣಿಗೆಗೆ ಮರಾಠಿಯಲ್ಲಿ ಅನಿಲ ಅವಚಟರ ಮಾದರಿ ಇದೆ. ವೈದ್ಯಕೀಯ ಓದಿ, ದುಡಿಯುವವರ ಮೈಯ ಮೇಲೆ ದುಡಿಮೆ ಬಿಟ್ಟ ಗುರುತುಗಳನ್ನು ವರದಿಗಾರನ ಕಾಲ್ನಡಿಗೆಯಲ್ಲಿ ಬರೆದವರು ಅವರು.

ಕಾಲೇಜುಗಳ ಒಳಗಿನ ಕಥೆ ತೀರ ಈಚಿನದು. ದೆಹಲಿಯ ಯೂನಿವರ್ಸಿಟಿ ಕಾಲೇಜ್ ಆಫ್ ಮೆಡಿಕಲ್ ಸೈನ್ಸಸ್‌ನಲ್ಲಿ 2009ರಲ್ಲಿ ಮೆಡಿಕಲ್ ಹ್ಯುಮ್ಯಾನಿಟೀಸ್ ಗುಂಪು ಆರಂಭವಾಯಿತು. ಬೆಂಗಳೂರಿನ ರಾಧಾ ರಾಮಸ್ವಾಮಿಯವರು ಅಲ್ಲಿ ‘ಶೋಷಿತರ ರಂಗಭೂಮಿ’ಯ ಶಿಬಿರ ನಡೆಸಿದರು. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಮಾರಿಯೋ ವಾಜ್ ಇತಿಹಾಸ, ನೀತಿಶಾಸ್ತ್ರಗಳನ್ನು ವೈದ್ಯ ವಿದ್ಯಾರ್ಥಿಗಳ ಎದುರಿಗೆ ತಂದರು. 2019ರಿಂದ ದೇಶದ ಎಲ್ಲ ಎಂಬಿಬಿಎಸ್ ವಿದ್ಯಾರ್ಥಿಗಳಿಗೂ ‘ಏಟ್‌ಕಾಮ್’ ಎಂಬ ಪಾಠ ಕಡ್ಡಾಯ: ಮನೋಧರ್ಮ, ನೀತಿ, ಸಂವಹನ. ಅನುಕಂಪಕ್ಕೆ ಅಂಕ ಬಂದ ಮೇಲೆ ಅದನ್ನೂ ಬಾಯಿಪಾಠ ಮಾಡುವ ಜಾಣರು ಇದ್ದೇ ಇರುತ್ತಾರೆ. ಒಳ್ಳೆಯದೂ ಒಂದಾಯಿತು: ಮೊದಲ ತಿಂಗಳ ತಳಹದಿ ಪಾಠದಲ್ಲಿ ಸ್ಥಳೀಯ ಭಾಷೆ ಸೇರಿತು. ಕೊಲ್ಹಾಪುರದಲ್ಲಿ ಸ್ಥಳೀಯ ಭಾಷೆ ಎಂದರೆ ಮರಾಠಿ, ಬೆಳಗಾವಿಯಲ್ಲಿ ಕನ್ನಡ. ರೋಗಿಗಳು ಎರಡೂ ಕಡೆ ಎರಡೂ ಭಾಷೆಯವರು.

ಸದ್ಯಕ್ಕೆ ರೋಗಿಯ ಮಾತನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿಸುವ ಕೆಲಸ ಸಿಸ್ಟರುಗಳ ಮೇಲೆ ಬಿದ್ದಿದೆ. ಒಬ್ಬಾಕೆ, ಸಾತಾರಾ ಕಡೆಯವಳು, ತನ್ನ ಡೈರಿಯ ಹಿಂದಿನ ಪುಟಗಳಲ್ಲಿ ದೇವನಾಗರಿಯಲ್ಲಿ ಕನ್ನಡ ಶಬ್ದಗಳ ಪಟ್ಟಿ ಮಾಡಿಕೊಂಡಿದ್ದನ್ನು ನೋಡಿದ್ದೇನೆ. ದಮ್ಮು, ತ್ರಾಸ, ಚಕ್ಕರ್ ಬರೆದುಕೊಳ್ಳುವ ಅಗತ್ಯವೇ ಅವಳಿಗೆ ಬಿದ್ದಿರಲಿಲ್ಲ. ಅವು ಎರಡೂ ಕಡೆಯವು. ‘ಜೀವ ನಿಂದ್ರವಲ್ದು’ ಎಂಬುದರ ಕೆಳಗೆ ಗೆರೆ ಎಳೆದಿದ್ದಳು. “ಜೀವ ನಿಲ್ಲುವುದಿಲ್ಲ ಅಂದರೆ ಸಾಯುತ್ತಿದ್ದಾರೆ ಅಂತ ಮೊದಲ ದಿನ ಓಡಿಹೋಗಿ ಡಾಕ್ಟರನ್ನು ಕರೆದುಬಿಟ್ಟೆ” ಎಂದಳು ಮರಾಠಿಯಲ್ಲಿ. “ಅಜ್ಜಿಗೆ ಮಗಳ ನೆನಪಾಗಿತ್ತು, ಅಷ್ಟೇ.”