ದಪ್ತರ: ತೊಗಲಿನಿಂದ ಹೆಗಲಿಗೆ

ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ವಳಸಂಗದ ಸೀಮೆಯಲ್ಲಿ ಕನ್ನಡವೂ ಮರಾಠಿಯೂ ಒಂದೇ ನಾಲಗೆಯ ಮೇಲೆ ಬಾಳುವುದರಿಂದ, ಧಾರವಾಡದವರ ಪಾಟೀಚೀಲ ಅಲ್ಲಿ ಸಲೀಸಾಗಿ ‘ದಪ್ತರ’ ಆಗಿಬಿಡುತ್ತದೆ. ಮಗುವಿನ ಹೆಗಲೇರಿದ ಈ ಶಬ್ದದ ವಂಶಾವಳಿಯನ್ನು ಶಬ್ದಪ್ರಿಯರಾದ ನಾವು ಬಿಡಿಸಿ ನೋಡಲೇಬೇಕು.

ಮರಾಠಿಯಲ್ಲಿ ದಪ್ತರವೆಂದರೆ ಶಾಲೆಯ ಚೀಲವೂ ಹೌದು, ಆಡಳಿತದ ದಾಖಲೆಭಂಡಾರವೂ ಹೌದು. ಪುಣೆಯ ಪೇಶವೆ ದಪ್ತರದಲ್ಲಿ ಮೋಡಿ ಲಿಪಿಯ ಕಾಗದಗಳನ್ನು ಬಟ್ಟೆಯ ರುಮಾಲುಗಳಲ್ಲಿ ಕಟ್ಟಿಟ್ಟರು, ರುಮಾಲುಗಳ ಲೆಕ್ಕದಲ್ಲೇ ಎಣಿಸಿದರು. ಕಟ್ಟಿನ ಹೆಸರು ಕಟ್ಟಿದ ಬಟ್ಟೆಗೂ, ಬಟ್ಟೆಯಿಂದ ಚೀಲಕ್ಕೂ ಇಳಿದಿರಬೇಕೆಂದು ನನಗೆ ತೋರುತ್ತದೆ. ಕನ್ನಡದಲ್ಲಿ ಅದು ದಫ್ತರ, ದಪ್ತರು, ದಫ್ತರದಾರ ಎಂದು ಟಿಸಿಲೊಡೆದು ‘ಕಡತ’ದ ಪಕ್ಕದಲ್ಲಿ ಬಂದು ಕೂತಿತು. ಆ ಕಡತವಾದರೂ ಸಾಮಾನ್ಯವೇ? ಚಾಲುಕ್ಯರ ಶಾಸನಗಳಲ್ಲಿ ‘ಕಡಿತವೆರ್ಗಡೆ’ ಎಂಬ ಅಧಿಕಾರಿಯೇ ಇದ್ದಾನೆ. ಬಟ್ಟೆಗೆ ಇದ್ದಿಲಪುಡಿಯ ಸರಿ ಬಳಿದು, ಒಣಗಿಸಿ, ಮಡಿಸಿ, ಬಳಪದಲ್ಲಿ ಲೆಕ್ಕ ಬರೆದು, ಬೇಕಾದರೆ ಅಳಿಸಿ ಮತ್ತೆ ಬರೆಯುತ್ತಿದ್ದ ಪುಸ್ತಕವೇ ಈಗಿನ ಕಚೇರಿಯ ಫೈಲಿಗೆ ಹೆಸರು ಕೊಟ್ಟಿದೆ.

ದಪ್ತರ ನಮಗೆ ಬಂದದ್ದು ಫಾರಸಿಯಿಂದ. ಅದರಾಚೆಗೆ ಗ್ರೀಕಿನ ‘ಡಿಫ್ಥೆರಾ’, ಅಂದರೆ ಹದಮಾಡಿದ ತೊಗಲು. ಅಯೋನಿಯದ ಗ್ರೀಕರು ಪಪೈರಸ್ ಸಿಗದ ಕಾಲದಲ್ಲಿ ಆಡುಕುರಿಗಳ ತೊಗಲಿನ ಮೇಲೆ ಬರೆದು ರೂಢಿಯಾಗಿ, ಆಮೇಲೆ ಪಪೈರಸ್ ಪುಸ್ತಕಗಳನ್ನೂ ‘ತೊಗಲು’ ಎಂದೇ ಕರೆಯುತ್ತಿದ್ದರೆಂದು ಹೆರೊಡೊಟಸ್ ಹೇಳುತ್ತಾನೆ. ನಮ್ಮ ಗಂಟಲಮಾರಿಗೆ ವೈದ್ಯರಿಟ್ಟ ಡಿಫ್ತೀರಿಯ ಎಂಬ ಹೆಸರೂ ಇದರ ದಾಯಾದಿಯೇ. ಗಂಟಲಲ್ಲಿ ತೊಗಲಿನಂಥ ಪೊರೆ ಕಟ್ಟುವುದರಿಂದ ಆ ಹೆಸರು.

ತೊಗಲನ್ನು ಬಿಟ್ಟು ಕಾಗದಕ್ಕೆ, ಕಾಗದದಿಂದ ಗಣಕಕ್ಕೆ ಹೋದ ಬರಹ ಈಗ ಜೀವದ್ರವ್ಯಕ್ಕೇ ಕೈಹಾಕಿದೆ. 2012ರಲ್ಲಿ ಹಾರ್ವರ್ಡ್‌ನ ಜಾರ್ಜ್ ಚರ್ಚ್ ತಮ್ಮದೊಂದು ಪುಸ್ತಕವನ್ನೇ ಎ, ಸಿ, ಜಿ, ಟಿ ಎಂಬ ನಾಲ್ಕಕ್ಷರಗಳಿಗೆ ಇಳಿಸಿ, ಪ್ರಯೋಗಾಲಯದಲ್ಲಿ ಹೆಣೆದ ಡಿಎನ್‌ಎಯಲ್ಲಿ ಬರೆಸಿದರು. 2019ರಲ್ಲಿ ಯಾನಿವ್ ಎರ್ಲಿಖ್ ಮತ್ತು ಜ್ಯೂರಿಕ್‌ನ ರಾಬರ್ಟ್ ಗ್ರಾಸ್ ಅವರ ತಂಡ ಮೊಲದ ಬೊಂಬೆಯೊಂದರ ನಕ್ಷೆ ಬರೆದ ಡಿಎನ್‌ಎಯನ್ನು ಗಾಜಿನ ಸೂಕ್ಷ್ಮ ಮಣಿಗಳಲ್ಲಿ ಹುದುಗಿಸಿ, ಪ್ಲಾಸ್ಟಿಕ್ಕಿಗೆ ಬೆರೆಸಿ ಆ ಮೊಲವನ್ನೇ 3ಡಿ ಮುದ್ರಣದಲ್ಲಿ ಮಾಡಿತು. ಆ ಮೊಲದ ಒಂದು ಚೂರು ಸಾಕು, ಅದರ ನಕ್ಷೆಯನ್ನು ಓದಿ ಇನ್ನೊಂದು ಮೊಲವನ್ನು ಮಾಡಬಹುದು. ವಸ್ತುವಿನ ಮೈಯೇ ಅದರ ದಾಖಲೆಯಾಗುವ ಇಂಥಲ್ಲಿ ‘ದತ್ತಾಂಶ ಸಂಗ್ರಹ’ವೆಂಬ ಬಡಕಲು ಸಮಾಸಕ್ಕಿಂತ ದಪ್ತರವೇ ನನಗೆ ಒಪ್ಪುತ್ತದೆ.

ತೊಗಲಿನ ಹಳೆಯ ದಪ್ತರಗಳಲ್ಲಂತೂ ಪ್ರಾಣಿಯ ಜೀವದ ಗುರುತು ಮೊದಲಿನಿಂದಲೂ ಇತ್ತು. ಮೃತಸಮುದ್ರದ ಸುರುಳಿಗಳ ಚೂರುಗಳಲ್ಲಿ ಉಳಿದಿದ್ದ ಡಿಎನ್‌ಎಯನ್ನು 2020ರಲ್ಲಿ ವಿದ್ವಾಂಸರು ಓದಿದಾಗ, ಬೈಬಲ್ಲಿನ ಯೆರೆಮೀಯ ಗ್ರಂಥದ ತುಣುಕುಗಳಲ್ಲಿ ಕೆಲವು ಕುರಿಯ ತೊಗಲಿನವು, ಕೆಲವು ಹಸುವಿನ ತೊಗಲಿನವು ಎಂದು ತಿಳಿದು, ಅವು ಒಂದೇ ಸುರುಳಿಯವಲ್ಲ ಎಂಬುದು ಹೊರಬಿತ್ತು.