ಅಮೆರಿಕದ ಒಳಸಂಚು ಕಾದಂಬರಿ

ಅಮೆರಿಕದ ಚರಿತ್ರೆಯ ಯಾವುದಾದರೂ ಘಟನೆಯ ಹಿಂದೆ ಕಾಣದ ಕೈಗಳಿದ್ದವು, ಅದರ ಪುರಾವೆ ಒಂದು ಕಡತದಲ್ಲೋ ಸಂಕೇತಲಿಪಿಯಲ್ಲೋ ಕಟ್ಟಡದ ಅಡಿಗಲ್ಲಿನಲ್ಲೋ ಇನ್ನೂ ಉಳಿದಿದೆ ಎಂಬ ಊಹೆಯ ಮೇಲೆ ಹೆಣೆದ ರೋಚಕ ಕಾದಂಬರಿ. ಪತ್ತೇದಾರಿ ಕಾದಂಬರಿಗೆ ಇದು ದಾಯಾದಿ. ಅಲ್ಲಿ ಕೊಲೆಗಾರ ಸಿಕ್ಕರೆ ಕತೆ ಮುಗಿಯಿತು. ಇಲ್ಲಿ ಕೊಲೆಗಾರ ಸಿಕ್ಕ ಮೇಲೆಯೇ ಶುರು. ಇದರ ಜೀವವಿರುವುದು ಕಾಗದಪತ್ರದಲ್ಲಿ.

ಬೇರು ಹಳೆಯದು. 1798ರಲ್ಲಿ ಪಾದ್ರಿ ಜೆಡಿಡಾಯ ಮೋರ್ಸ್, ಬವೇರಿಯಾದ 'ಇಲ್ಯುಮಿನಾಟಿ' ಎಂಬ ಗುಪ್ತಕೂಟ ಅಮೆರಿಕದೊಳಕ್ಕೂ ನುಸುಳಿದೆ ಎಂದು ಧರ್ಮಪೀಠದಿಂದ ಎಚ್ಚರಿಸಿದ. ಮರುವರ್ಷವೇ ಚಾರ್ಲ್ಸ್ ಬ್ರಾಕ್ಡನ್ ಬ್ರೌನ್ ಬರೆದ 'ಆರ್ಮಂಡ್' ಕಾದಂಬರಿಯಲ್ಲಿ ಗುಪ್ತಕೂಟದ ಸದಸ್ಯನೊಬ್ಬ ಪ್ರತ್ಯಕ್ಷನಾದ. 1782ರ ರಾಷ್ಟ್ರಮುದ್ರೆಯಲ್ಲಿದ್ದ ಪಿರಮಿಡ್ಡು, ಅದರ ಮೇಲಿನ ಕಣ್ಣು 1935ರಲ್ಲಿ ಒಂದು ಡಾಲರಿನ ನೋಟಿಗೆ ಬಂದದ್ದೇ ತಡ, ಸಂಶಯಕ್ಕೊಂದು ಚಿತ್ರ ಎಲ್ಲರ ಜೇಬಿಗೂ ಬಂದುಬಿಟ್ಟಿತು.

ಶೀತಲಸಮರದ ಕಾಲದಲ್ಲಿ ಈ ಪ್ರಕಾರಕ್ಕೆ ಈಗಿನ ರೂಪ ಬಂತು. ರಿಚರ್ಡ್ ಕಾಂಡನ್‌ನ 'ದಿ ಮಂಚೂರಿಯನ್ ಕ್ಯಾಂಡಿಡೇಟ್' (1959), ಸೇನಾದಂಗೆಯ ಸಂಚನ್ನು ಚಿತ್ರಿಸಿದ 'ಸೆವೆನ್ ಡೇಸ್ ಇನ್ ಮೇ' (1962) ಎರಡೂ ಅಧ್ಯಕ್ಷ ಕೆನಡಿಯ ಹತ್ಯೆಗೆ ಮೊದಲೇ ಬಂದವು. 1963ರ ನವೆಂಬರ್ 22ರಂದು ಆ ಹತ್ಯೆ ನಡೆದ ನಂತರ ಚರಿತ್ರೆಯೇ ಕಾದಂಬರಿಕಾರನಿಗೆ ಸಾಮಗ್ರಿ ಒದಗಿಸಿತು. ಹತ್ಯೆಯ ತನಿಖೆ ನಡೆಸಿದ ವಾರೆನ್ ಆಯೋಗದ ವರದಿ 888 ಪುಟ. ಸಾಕ್ಷ್ಯ, ದಾಖಲೆಗಳದ್ದೇ ಬೇರೆ 26 ಸಂಪುಟ. ಆ ರಾಶಿಯಿಂದ ಹುಟ್ಟಿದ ಶ್ರೇಷ್ಠ ಕೃತಿ ಡಾನ್ ಡಿಲಿಲೊನ 'ಲಿಬ್ರಾ' (1988). ಅದರಲ್ಲಿ ನಿಕೊಲಸ್ ಬ್ರಾಂಚ್ ಎಂಬ ನಿವೃತ್ತ ಅಧಿಕಾರಿ, ಹತ್ಯೆಯ ಗುಪ್ತ ಇತಿಹಾಸ ಬರೆಯಲು ಸಿಐಎ ನೇಮಿಸಿದವನು, ಕಾಗದ ತುಂಬಿದ ಕೋಣೆಯಲ್ಲಿ ಕೂತಿದ್ದಾನೆ. ಕೇಳಿದ ದಾಖಲೆಯೆಲ್ಲ ಬರುತ್ತಲೇ ಇದೆ, ವರ್ಷಗಳು ಉರುಳುತ್ತಿವೆ, ಬರವಣಿಗೆ ಮಾತ್ರ ಮುಂದೆ ಸಾಗುತ್ತಿಲ್ಲ. ದಾಖಲೆ ಇಲ್ಲದ್ದಕ್ಕಲ್ಲ, ದಾಖಲೆ ಮಿತಿಮೀರಿದ್ದಕ್ಕೆ ಸತ್ಯ ಕೈತಪ್ಪುತ್ತದೆ ಎಂಬುದನ್ನು ಇಷ್ಟು ಮನಮುಟ್ಟುವಂತೆ ಹೇಳಿದ ಪುಸ್ತಕ ಈ ಸಾಲಿನಲ್ಲಿ ಇನ್ನೊಂದಿಲ್ಲ.

1970ರ ದಶಕದಲ್ಲಿ ಸಂಶಯಗಳು ಒಂದೊಂದಾಗಿ ನಿಜವಾದವು. ವಾಟರ್‌ಗೇಟ್ ಹಗರಣದಿಂದ ಅಧ್ಯಕ್ಷ ನಿಕ್ಸನ್ 1974ರಲ್ಲಿ ಅಧಿಕಾರ ಬಿಟ್ಟರು. 1975ರಲ್ಲಿ ಸೆನೆಟ್ಟಿನ ಚರ್ಚ್ ಸಮಿತಿ, ಸಿಐಎ ನಾಗರಿಕರ ಟಪಾಲು ಒಡೆದು ಓದುತ್ತಿದ್ದುದನ್ನೂ ಕ್ಯೂಬಾದ ನಾಯಕ ಕ್ಯಾಸ್ಟ್ರೊನನ್ನು ಕೊಲ್ಲಿಸಲು ಯತ್ನಿಸಿದ್ದನ್ನೂ ಬಯಲಿಗೆಳೆಯಿತು. ಜೇಮ್ಸ್ ಗ್ರೇಡಿಯ 'ಸಿಕ್ಸ್ ಡೇಸ್ ಆಫ್ ದಿ ಕಾಂಡರ್' (1974) ನಾಯಕನಿಗೆ ಸಿಐಎ ಕಚೇರಿಯಲ್ಲಿ ಪತ್ತೇದಾರಿ ಕಾದಂಬರಿ ಓದುವುದೇ ನೌಕರಿ. ಊಟ ತರಲು ಹೊರಗೆ ಹೋಗಿ ಬರುವಷ್ಟರಲ್ಲಿ ಸಹೋದ್ಯೋಗಿಗಳೆಲ್ಲ ಹೆಣವಾಗಿದ್ದಾರೆ. ಎಫ್‌ಬಿಐ ಮುಖ್ಯಸ್ಥ ಹೂವರ್ 1972ರಲ್ಲಿ ತೀರಿಕೊಂಡಾಗ ಅವನ ಖಾಸಗಿ ಕಡತಗಳನ್ನು ಕಾರ್ಯದರ್ಶಿ ಹೆಲೆನ್ ಗ್ಯಾಂಡಿ ನಾಶಪಡಿಸಿದ್ದು ಚರಿತ್ರೆ. ಅವುಗಳಲ್ಲಿ ಒಂದು ಪಾಲು ಯಾರದೋ ಕೈಸೇರಿದ್ದರೆ ಎಂಬುದು ರಾಬರ್ಟ್ ಲಡ್ಲಮ್‌ನ 'ದಿ ಚಾನ್ಸಲರ್ ಮ್ಯಾನುಸ್ಕ್ರಿಪ್ಟ್' (1977).

ಕಲ್ಪನೆಯೇ ದಫ್ತರದ ಬಾಗಿಲು ತೆರೆಸಿದ ಉದಾಹರಣೆಯೂ ಇದೆ. ಆಲಿವರ್ ಸ್ಟೋನ್‌ನ 'ಜೆಎಫ್‌ಕೆ' (1991) ಸಿನಿಮಾ ಎಬ್ಬಿಸಿದ ಗದ್ದಲದ ಫಲವಾಗಿ ಸಂಸತ್ತು 1992ರಲ್ಲಿ ಕಾನೂನು ಮಾಡಿ, ಕೆನಡಿ ಹತ್ಯೆಯ ಕಡತಗಳನ್ನು 25 ವರ್ಷದೊಳಗೆ ಬಹಿರಂಗಪಡಿಸಬೇಕೆಂದು ಗಡುವು ವಿಧಿಸಿತು. ಚಿತ್ರದ ಊಹೆಗಳಲ್ಲಿ ಹಲವು ನಿಲ್ಲುವಂಥವಲ್ಲ. ಆದರೂ ಅದರಿಂದ ಇತಿಹಾಸಕಾರರಿಗೆ ಆದ ಉಪಕಾರ ದೊಡ್ಡದು.

2000ದ ನಂತರ ಸಂಶಯದ ಜಾಗಕ್ಕೆ ನಿಧಿಶೋಧ ಬಂತು. 'ನ್ಯಾಷನಲ್ ಟ್ರೆಷರ್' (2004) ಚಿತ್ರದಲ್ಲಿ ಸ್ವಾತಂತ್ರ್ಯ ಘೋಷಣೆಯ ಬೆನ್ನಿಗೆ ಗುಪ್ತ ನಕ್ಷೆಯಿದೆ. ನಿಜವಾದ ಚರ್ಮಪತ್ರದ ಹಿಂಬದಿಯಲ್ಲೂ ಬರಹವಿದೆ: ತಲೆಕೆಳಗಾಗಿ ಬರೆದ, ಇದು ಯಾವ ದಸ್ತಾವೇಜು, ಯಾವ ತಾರೀಖಿನದು ಎಂದು ತಿಳಿಸುವ ಒಂದೇ ಸಾಲು. ಡ್ಯಾನ್ ಬ್ರೌನ್ 'ದಿ ಲಾಸ್ಟ್ ಸಿಂಬಲ್' (2009) ಕಾದಂಬರಿಯಲ್ಲಿ ವಾಷಿಂಗ್ಟನ್ ನಗರವನ್ನೇ ಫ್ರೀಮೇಸನ್ನರೆಂಬ ಗುಪ್ತಕೂಟದವರ ಒಗಟಾಗಿಸಿದ. ಜಾರ್ಜ್ ವಾಷಿಂಗ್ಟನ್ 1793ರಲ್ಲಿ ಮೇಸನ್ ವಿಧಿಯಂತೆ ಇಟ್ಟ ಸಂಸತ್ ಭವನದ ಅಡಿಗಲ್ಲು ಎಲ್ಲಿದೆಯೆಂದು ಇವತ್ತಿಗೂ ಪತ್ತೆಯಾಗಿಲ್ಲ.

ಈ ಪ್ರಕಾರಕ್ಕೊಂದು ಕುರುಡು ಇದೆ. ಬಚ್ಚಿಟ್ಟದ್ದನ್ನೇ ಹುಡುಕುತ್ತ ಅದು ಎದುರಿಗಿರುವುದನ್ನು ದಾಟಿಹೋಗುತ್ತದೆ. ಟಸ್ಕೀಗಿಯಲ್ಲಿ 399 ಕಪ್ಪು ಜನರ ಸಿಫಿಲಿಸ್ ರೋಗಕ್ಕೆ ಚಿಕಿತ್ಸೆ ಕೊಡದೆ ಸರ್ಕಾರಿ ವೈದ್ಯರು 1932ರಿಂದ 1972ರವರೆಗೆ ನೋಡುತ್ತ ಕೂತರು. ಅದರ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ರಾಜಾರೋಷವಾಗಿ ಅಚ್ಚಾಗುತ್ತಿದ್ದವು. ಕಪ್ಪು ಜನರ ಕಡೆಯಿಂದ ಚರಿತ್ರೆಯನ್ನು ಒಳಸಂಚಾಗಿ ಓದಿದ ಇಶ್ಮಾಯೆಲ್ ರೀಡ್‌ನ 'ಮಂಬೊ ಜಂಬೊ' (1972) ಇನ್ನೂ ಹೆಚ್ಚು ಓದುಗರಿಗೆ ತಕ್ಕ ಪುಸ್ತಕ.

ಸ್ಟೀವ್ ಬೆರಿಯ 'ದಿ ಜೆಫರ್ಸನ್ ಕೀ' (2011) ಬಳಸಿಕೊಂಡ ಸಂಕೇತಲಿಪಿ ನಿಜವಾದದ್ದು. 1801ರ ಡಿಸೆಂಬರಿನಲ್ಲಿ ಗಣಿತಜ್ಞ ರಾಬರ್ಟ್ ಪ್ಯಾಟರ್ಸನ್ ಅಧ್ಯಕ್ಷ ಜೆಫರ್ಸನ್ನರಿಗೆ ಅದನ್ನು ಕಳಿಸಿದ್ದ. ಅಕ್ಷರಗಳನ್ನು ಮೇಲಿಂದ ಕೆಳಕ್ಕೆ ಬರೆದು, ಸಾಲುಗಳನ್ನು ಕದಡಿ, ಪ್ರತಿ ಸಾಲಿನ ಮೊದಲಿಗೆ ಬೇಡದ ಅಕ್ಷರಗಳನ್ನು ತುರುಕಿದ್ದ ಆ ಬರಹ 200 ವರ್ಷ ಯಾರಿಗೂ ಬಿಡಿಸಲಾಗಲಿಲ್ಲ. 2007ರಲ್ಲಿ ಲಾರೆನ್ ಸ್ಮಿತ್‌ಲೈನ್ ಎಂಬ ಗಣಿತಜ್ಞ ಬಿಡಿಸಿ ನೋಡಿದಾಗ ಒಳಗಿದ್ದದ್ದು ಜೆಫರ್ಸನ್ ತಾವೇ ಬರೆದ ಸ್ವಾತಂತ್ರ್ಯ ಘೋಷಣೆಯ ಪೀಠಿಕೆ.